ಜಠರದರ್ಶನವೂ ಮಂಪರಿನ ಅಳತೆಯೂ

ವಾಚಕರಲ್ಲಿ ಅನೇಕರಿಗೆ, ಇಲ್ಲವೆ ಅವರ ಮನೆಯ ಹಿರಿಯರಿಗೆ, ಡಾಕ್ಟರು ಎಂದಾದರೊಮ್ಮೆ ‘ಎಂಡೋಸ್ಕೋಪಿ ಮಾಡಿಸಿ’ ಎಂದು ಚೀಟಿ ಬರೆದುಕೊಟ್ಟಿರಬಹುದು. ಕಿರುಬೆರಳ ಗಾತ್ರದ ಮೆತುವಾದ ಕೊಳವೆಯೊಂದನ್ನು ಬಾಯಿಯಿಂದ ಅನ್ನನಾಳದ ಮೂಲಕ ಇಳಿಸಿ, ಜಠರದ ಒಳಗೋಡೆಯನ್ನು ಕಣ್ಣಾರೆ ನೋಡುವ ಈ ಪರೀಕ್ಷೆಗೆ ಗ್ಯಾಸ್ಟ್ರೋಸ್ಕೋಪಿ, ಅಂದರೆ ಜಠರದರ್ಶನ ಎಂದು ಹೆಸರು. ಐದು ಹತ್ತು ನಿಮಿಷಗಳ ಕೆಲಸ. ಒಳಗೆ ಹುಣ್ಣಿದೆಯೋ, ರಕ್ತ ಒಸರುತ್ತಿದೆಯೋ, ಗೆಡ್ಡೆ ಬೆಳೆದಿದೆಯೋ ಎಂಬುದು ಅಷ್ಟರಲ್ಲಿಯೇ ತಿಳಿದುಬಿಡುತ್ತದೆ. ಆದರೂ ಹೆಸರು ಕೇಳಿದೊಡನೆ ಹಿಂದೇಟು ಹಾಕದವರು ವಿರಳ. ಗಂಟಲಿನ ಹಿಂಬದಿಗೆ ಏನಾದರೂ ತಗುಲಿದರೆ ಓಕರಿಕೆ ಬರುವುದು ದೇಹಧರ್ಮ. ಬುದ್ಧಿ ಎಷ್ಟೇ ಸಮಾಧಾನ ಹೇಳಿದರೂ ಗಂಟಲು ಕೇಳುವುದಿಲ್ಲ.

ಈ ಕೊಳವೆಯ ಚರಿತ್ರೆಯನ್ನು ಹಲವರು ಬರೆದಿದ್ದಾರೆ. ಅದರ ಜತೆಜತೆಗೇ ನಡೆದುಬಂದ ಇನ್ನೊಂದು ಚರಿತ್ರೆ ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ರೋಗಿಯನ್ನು ಶಾಂತಗೊಳಿಸಲು ಕೊಡುವ ಮಂಪರಿನ ಔಷಧಿ ಎಷ್ಟಿರಬೇಕು? ಕಡಿಮೆಯಾದರೆ ರೋಗಿ ಒದ್ದಾಡುತ್ತಾನೆ, ಪರೀಕ್ಷೆ ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚಾದರೆ ಉಸಿರೇ ನಿಲ್ಲಬಹುದು. ಇವೆರಡರ ನಡುವಿನ ದಾರಿ ಎಷ್ಟು ಇಕ್ಕಟ್ಟಾದುದು, ಅದನ್ನು ಕಂಡುಕೊಳ್ಳಲು ವೈದ್ಯಶಾಸ್ತ್ರ ಎಷ್ಟು ಕಾಲ ತೆಗೆದುಕೊಂಡಿತು, ಎಂಥ ಬೆಲೆ ತೆತ್ತಿತು ಎಂಬುದನ್ನು ವಿಜ್ಞಾನ ಓದಿದ ಸಾಮಾನ್ಯನೊಬ್ಬನ ಕುತೂಹಲದಿಂದ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ. ನಾನು ವೈದ್ಯನಲ್ಲ. ಆದುದರಿಂದ ಇದನ್ನು ಚಿಕಿತ್ಸೆಯ ಸಲಹೆಯೆಂದು ಭಾವಿಸದೆ ಚರಿತ್ರೆಯೆಂದೇ ಓದಬೇಕಾಗಿ ವಿನಂತಿ.

ಕತ್ತಿ ನುಂಗುವವನ ನೆರವು

ದೇಹದ ಒಳಗನ್ನು ಬೆಳಕು ಬಿಟ್ಟು ನೋಡಬೇಕೆಂಬ ಹಂಬಲ ಹಳೆಯದು. 1806ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಫಿಲಿಪ್ ಬೊಟ್ಸೀನಿ ಮೇಣದ ಬತ್ತಿಯ ಬೆಳಕನ್ನು ಕೊಳವೆಯ ಮೂಲಕ ಹಾಯಿಸುವ ಉಪಕರಣವೊಂದನ್ನು ಪ್ರಚುರಪಡಿಸಿದ. ಆದರೆ ಜಠರದವರೆಗೆ ಇಳಿಯುವ ಸಾಹಸ ನಡೆದದ್ದು 1868ರಲ್ಲಿ, ಫ್ರೈಬರ್ಗ್ ನಗರದಲ್ಲಿ. ಅಲ್ಲಿನ ಪ್ರೊಫೆಸರ್ ಅಡಾಲ್ಫ್ ಕುಸ್ಮಾಲ್ ಸುಮಾರು 47 ಸೆಂಟಿಮೀಟರ್ ಉದ್ದದ, 13 ಮಿಲಿಮೀಟರ್ ದಪ್ಪದ ನೆಟ್ಟನೆಯ ಲೋಹದ ಕೊಳವೆಯನ್ನು ಮಾಡಿಸಿದ. ಬಗ್ಗದ ಕೊಳವೆಯನ್ನು ನುಂಗುವವರಾರು? ಊರೂರು ತಿರುಗಿ ಕತ್ತಿ ನುಂಗುವ ಆಟ ಆಡುತ್ತಿದ್ದವನೊಬ್ಬ ಅವನ ನೆರವಿಗೆ ಬಂದ. ತಲೆ, ಕುತ್ತಿಗೆ, ಎದೆ ಇವನ್ನೆಲ್ಲ ಒಂದೇ ನೇರಕ್ಕೆ ತರುವುದು, ಓಕರಿಕೆಯನ್ನು ಅದುಮುವುದು ಅವನ ಕಸುಬಿನ ಗುಟ್ಟು. ಕೊಳವೆ ಇಳಿಯಿತು. ಬೆಳಕು ಮಾತ್ರ ಸಾಲದೆ ಹೋಯಿತು.

ನಮ್ಮ ವಿಷಯಕ್ಕೆ ಇದು ಮುಖ್ಯ. ಜಗತ್ತಿನ ಮೊದಲ ಜಠರದರ್ಶನದಲ್ಲಿ ಔಷಧಿಯ ಪ್ರಮಾಣ ಸೊನ್ನೆ. ವರ್ಷಗಟ್ಟಲೆಯ ಅಭ್ಯಾಸವೇ ಅಲ್ಲಿ ಮಂಪರಿನ ಕೆಲಸ ಮಾಡಿತು. ಆದರೆ ಹೊಟ್ಟೆನೋವೆಂದು ಬರುವ ರೋಗಿಗಳೆಲ್ಲ ಕತ್ತಿ ನುಂಗುವವರಾಗಿರುವುದಿಲ್ಲವಲ್ಲ!

ಅಳತೆ ಹುಟ್ಟಿದ ಬಗೆ

ಔಷಧಿಯ ‘ಪ್ರಮಾಣ’ ಎಂಬ ಕಲ್ಪನೆ ಗಟ್ಟಿಯಾಗಲು ಮೊದಲು ಔಷಧಿ ಶುದ್ಧವಾಗಿ ಕೈಗೆ ಸಿಗಬೇಕು. ಅಫೀಮು ಪುರಾತನ ಕಾಲದಿಂದ ಗೊತ್ತಿದ್ದರೂ ಒಂದು ಉಂಡೆಯಂತೆ ಇನ್ನೊಂದಿರುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಜರ್ಮನಿಯ ಔಷಧಿ ಅಂಗಡಿಯ ಯುವ ಸಹಾಯಕ ಫ್ರೆಡ್ರಿಕ್ ಸೆರ್ಟ್ಯುರ್ನರ್ ಅಫೀಮಿನಿಂದ ಅದರ ಸಾರವನ್ನು ಬೇರ್ಪಡಿಸಿದ. ಗ್ರೀಕರ ಸ್ವಪ್ನದೇವತೆಯ ಹೆಸರಿನಿಂದ ಅದು ಮಾರ್ಫಿನ್ ಆಯಿತು.

1817ರಲ್ಲಿ ಅವನು ಪ್ರಕಟಿಸಿದ ಲೇಖನದಲ್ಲಿ ಒಂದು ಸ್ವಯಂಪ್ರಯೋಗದ ವಿವರವಿದೆ. ತಾನೂ ಇನ್ನು ಮೂವರು ಹುಡುಗರೂ ಅರ್ಧ ಗ್ರೇನ್, ಅಂದರೆ ಸುಮಾರು 30 ಮಿಲಿಗ್ರಾಂ, ಮಾರ್ಫಿನ್ ಕುಡಿದರು. ಅರ್ಧ ಗಂಟೆಯ ಮೇಲೆ ಇನ್ನೊಂದು ಅರ್ಧ ಗ್ರೇನ್. ಕಾಲು ಗಂಟೆ ಬಿಟ್ಟು ಮತ್ತೂ ಒಂದು. ಆಮೇಲೆ ಗಾಬರಿಯಾಗಿ ವಿನೆಗರ್ ಕುಡಿದು ವಾಂತಿ ಮಾಡಿಕೊಳ್ಳಬೇಕಾಯಿತು. ಹಿಂದಿನ ಗುಟುಕು ಪೂರ್ತಿ ಕೆಲಸ ಮಾಡುವ ಮೊದಲೇ ಮುಂದಿನದನ್ನು ಕೊಟ್ಟುಬಿಡುವ ಈ ಆತುರವನ್ನು ವಾಚಕರು ನೆನಪಿನಲ್ಲಿಡಬೇಕು. ಸುಮಾರು 170 ವರ್ಷಗಳ ತರುವಾಯ, ಅತ್ಯಾಧುನಿಕ ಆಸ್ಪತ್ರೆಗಳಲ್ಲಿ, ಅದೇ ತಪ್ಪು ಮತ್ತೆ ಎದುರಾಗಲಿದೆ.

1853ರಲ್ಲಿ ಚುಚ್ಚುಮದ್ದಿನ ಸಿರಿಂಜು ಬಳಕೆಗೆ ಬಂದ ಮೇಲೆ ಅಳತೆ ಮಾಡಿದ ಮಾರ್ಫಿನ್ನನ್ನು ಚರ್ಮದಡಿಗೆ ಕೊಡುವುದು ಸಾಧ್ಯವಾಯಿತು. 1881ರಲ್ಲಿ ವಿಯೆನ್ನಾದ ಶಸ್ತ್ರವೈದ್ಯ ಯೋಹಾನ್ ಮಿಕುಲಿಚ್, ಉಪಕರಣ ತಯಾರಕ ಯೋಸೆಫ್ ಲೈಟರನೊಡನೆ ಸೇರಿ, ತುದಿಯಲ್ಲಿ ಪ್ಲಾಟಿನಮ್ ತಂತಿಯ ದೀಪವನ್ನೂ ಅದನ್ನು ತಣಿಸಲು ನೀರಿನ ಹರಿವನ್ನೂ ಅಳವಡಿಸಿದ ಜಠರದರ್ಶಕವನ್ನು ಬಳಸಿದ. ಅವನು ರೋಗಿಗೆ ಮೊದಲು ಮಾರ್ಫಿನ್ ಚುಚ್ಚುತ್ತಿದ್ದ. ಜಠರದರ್ಶನಕ್ಕೂ ಮಂಪರಿಗೂ ನಂಟು ಬೆಳೆದದ್ದು ಅಲ್ಲಿಂದ. ಮೂರೇ ವರ್ಷದಲ್ಲಿ, 1884ರಲ್ಲಿ, ಅದೇ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ. ಬೇಗನೆ ಅದು ಗಂಟಲಿಗೂ ಬಂತು. ಇಂದು ನಮ್ಮ ಆಸ್ಪತ್ರೆಗಳಲ್ಲಿ ಗಂಟಲಿಗೆ ಚಿಮುಕಿಸುವ ಲಿಗ್ನೊಕೇನ್ ಈ ಪರಂಪರೆಯ ಕುಡಿ.

ನೋವೋ ನೆನಪೋ?

ಇಲ್ಲಿ ಫ್ರೈಬರ್ಗ್ ನಗರ ಇನ್ನೊಮ್ಮೆ ಕಾಣಿಸಿಕೊಳ್ಳುತ್ತದೆ. 1906ರ ಸುಮಾರಿಗೆ ಅಲ್ಲಿನ ಹೆರಿಗೆ ಆಸ್ಪತ್ರೆಯ ಕಾರ್ಲ್ ಗೌಸ್, ಮಾರ್ಫಿನ್ ಮತ್ತು ಸ್ಕೊಪೊಲಮೀನ್‌ಗಳನ್ನು ಬೆರೆಸಿ ಬಾಣಂತಿಯರಿಗೆ ‘ಸಂಜೆಗತ್ತಲ ನಿದ್ರೆ’ ಕೊಡುತ್ತಿದ್ದ. ಪ್ರಮಾಣ ಸರಿಯಾಯಿತೇ ಎಂದು ಅವನು ನೋವನ್ನು ಕೇಳಿ ನೋಡುತ್ತಿರಲಿಲ್ಲ. ಒಂದು ವಸ್ತುವನ್ನು ತೋರಿಸಿ, ಸ್ವಲ್ಪ ಹೊತ್ತಿನ ಮೇಲೆ ಅದೇ ವಸ್ತುವನ್ನು ಮತ್ತೆ ತೋರಿಸುತ್ತಿದ್ದ. ಮೊದಲು ನೋಡಿದ್ದು ನೆನಪಿಲ್ಲವೆಂದರೆ ಪ್ರಮಾಣ ಸಾಕು, ನೆನಪಿದ್ದರೆ ಇನ್ನಷ್ಟು. ಮಂಪರಿನ ಆಳವನ್ನು ರೋಗಿಯ ನಡೆಯಿಂದಲೇ ಅಳೆದು, ಅದಕ್ಕೆ ತಕ್ಕಂತೆ ಔಷಧಿ ಕೊಡುವ ಕ್ರಮಕ್ಕೆ ಇದೊಂದು ಹಳೆಯ ನಿದರ್ಶನ.

ಜತೆಗೆ ಇದು ಇಂದಿಗೂ ಬಗೆಹರಿಯದ ಪ್ರಶ್ನೆಯೊಂದನ್ನು ಎತ್ತುತ್ತದೆ. ನೋವಾಗಲಿಲ್ಲ ಎಂಬುದೂ ನೋವಾದದ್ದು ನೆನಪಿಲ್ಲ ಎಂಬುದೂ ಒಂದೆಯೇ? ಇಂದಿನ ಮಂಪರಿನ ಔಷಧಿಗಳೂ ನೆನಪನ್ನು ಅಳಿಸುತ್ತವೆ. ಪರೀಕ್ಷೆಯ ನಡುವೆ ನರಳಿದ ರೋಗಿ ಎದ್ದ ಮೇಲೆ ‘ಏನೂ ಗೊತ್ತಾಗಲಿಲ್ಲ’ ಎಂದು ಹೇಳುವುದುಂಟು. ಆ ಮಾತನ್ನು ನಂಬಿ ಪ್ರಮಾಣವನ್ನು ನಿರ್ಧರಿಸುವುದು ಎಷ್ಟು ಸರಿ ಎಂದು ವಿಚಾರಿಸಬೇಕಾಗುತ್ತದೆ.

ತಲೆ ಹಿಡಿದ ಕೈ

ಜಠರದರ್ಶನಕ್ಕೆ ನಿಜವಾದ ಪ್ರತಿಷ್ಠೆ ತಂದವನು ರುಡಾಲ್ಫ್ ಷಿಂಡ್ಲರ್. ಮ್ಯೂನಿಕ್ಕಿನ ಈ ವೈದ್ಯ, ಬರ್ಲಿನ್ನಿನ ಉಪಕರಣ ತಯಾರಕ ಗೆಯೋರ್ಗ್ ವೂಲ್ಫನೊಡನೆ ಸೇರಿ 1932ರಲ್ಲಿ ಅರ್ಧ ಬಗ್ಗುವ ಜಠರದರ್ಶಕವನ್ನು ಸಿದ್ಧಪಡಿಸಿದ. ಅದರೊಳಗೆ ಸುಮಾರು 50 ಮಸೂರಗಳಿದ್ದವು. ನಾಜಿಗಳ ಆಳ್ವಿಕೆ ಬಂದು ಸೆರೆವಾಸ ಅನುಭವಿಸಿ, 1934ರಲ್ಲಿ ಅವನು ಅಮೆರಿಕದ ಷಿಕಾಗೋಗೆ ವಲಸೆ ಹೋದ. ಅವನ ಕೆಲಸದಲ್ಲಿ ಪತ್ನಿ ಗೇಬ್ರಿಯೆಲ್ ಜತೆಯಾಗಿರುತ್ತಿದ್ದಳು. ಪರೀಕ್ಷೆ ನಡೆಯುವಷ್ಟು ಹೊತ್ತೂ ರೋಗಿಯ ತಲೆಯನ್ನು ಹಿಡಿದು ಸರಿಯಾದ ಕೋನದಲ್ಲಿ ನಿಲ್ಲಿಸುವುದು ಅವಳ ಕೆಲಸ. ಪಳಗಿದ ಕೈಯೊಂದು ತಲೆಯನ್ನು ಹಿಡಿದಿದ್ದರೆ ರೋಗಿಯ ಭಯ ಎಷ್ಟೋ ಕಡಿಮೆಯಾಗುತ್ತದೆಂಬುದನ್ನು ಆ ಕಾಲದ ವೈದ್ಯರು ಬಲ್ಲವರಾಗಿದ್ದರು. ಔಷಧಿಯ ಪಟ್ಟಿಯಲ್ಲಿ ಈ ಕೈಗೆ ಸ್ಥಳವಿಲ್ಲ.

1939ರಲ್ಲಿ ಜರ್ಮನಿಯಿಂದ ಪೆಥಿಡಿನ್ ಬಂತು. ಹೊಟ್ಟೆಯ ಸೆಳೆತಕ್ಕೆ ಮದ್ದು ಹುಡುಕುತ್ತಿದ್ದವರಿಗೆ ಸಿಕ್ಕಿದ್ದು ಮಾರ್ಫಿನ್‌ನಂಥ ನೋವುಶಾಮಕ. ಮುಂದಿನ ದಶಕಗಳಲ್ಲಿ ಅದು ಜಠರದರ್ಶನದ ಕೋಣೆಯ ಕಪಾಟಿನಲ್ಲಿ ಖಾಯಂ ಸ್ಥಾನ ಪಡೆಯಿತು.

ಅಷ್ಟರಲ್ಲಿ ಕೊಳವೆಯೇ ಬದಲಾಯಿತು. 1954ರ ಜನವರಿಯಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆರಾಲ್ಡ್ ಹಾಪ್ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನಮ್ಮ ನರಿಂದರ್ ಸಿಂಗ್ ಕಪಾನಿ, ಕೂದಲೆಳೆಯಂಥ ಗಾಜಿನ ತಂತುಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಬಹುದೆಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದನ್ನು ಓದಿದ ಬೇಸಿಲ್ ಹಿರ್ಷೊವಿಟ್ಸ್ ಅಮೆರಿಕದ ಮಿಷಿಗನ್ನಿನಲ್ಲಿ ಲ್ಯಾರಿ ಕರ್ಟಿಸ್ ಮತ್ತು ವಿಲ್ಬರ್ ಪೀಟರ್ಸರೊಡನೆ ಪೂರ್ತಿ ಬಗ್ಗುವ ಜಠರದರ್ಶಕವನ್ನು ಕಟ್ಟಿದ. 1957ರಲ್ಲಿ ಮೊದಲು ತಾನೇ ನುಂಗಿ ನೋಡಿ, ಆಮೇಲೆ ರೋಗಿಗೆ ಬಳಸಿದ. 1960ರಲ್ಲಿ ಅದು ಮಾರುಕಟ್ಟೆಗೆ ಬಂತು. ಕೆಲವೇ ನಿಪುಣರ ಕೈಯಲ್ಲಿದ್ದ ಪರೀಕ್ಷೆ ಊರೂರಿನ ಆಸ್ಪತ್ರೆಗಳಿಗೆ ಹಬ್ಬಿತು. ರೋಗಿಗಳ ಸಂಖ್ಯೆ ಬೆಳೆಯಿತು, ಮಂಪರಿನ ಅಗತ್ಯವೂ ಬೆಳೆಯಿತು.

ರೆಪ್ಪೆಯೇ ಅಳತೆಗೋಲು

ಸರಿಯಾದ ಸಮಯಕ್ಕೆ ಡಯಾಜಿಪಾಮ್ ಬಂತು. ಹಾಫ್ಮನ್ ಲಾ ರೋಷ್ ಕಂಪನಿಯ ಅಮೆರಿಕದ ಪ್ರಯೋಗಾಲಯದಲ್ಲಿ ಲಿಯೊ ಸ್ಟರ್ನ್‌ಬಾಕ್ ಕಂಡುಹಿಡಿದ ಈ ಔಷಧಿ 1963ರಲ್ಲಿ ‘ವ್ಯಾಲಿಯಮ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಕಳವಳ ತಗ್ಗಿಸುತ್ತದೆ, ಸ್ನಾಯುಗಳನ್ನು ಸಡಿಲಿಸುತ್ತದೆ, ನೆನಪನ್ನು ಮಸುಕುಗೊಳಿಸುತ್ತದೆ, ಹಳೆಯ ಬಾರ್ಬಿಟ್ಯುರೇಟುಗಳಷ್ಟು ಅಪಾಯಕಾರಿಯಲ್ಲ. 1960ರ ದಶಕದ ಮಧ್ಯದಿಂದ ಜಠರದರ್ಶನಕ್ಕೆ ಇದನ್ನು ಬಳಸತೊಡಗಿದರು.

ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಹಲ್ಲಿನ ಡಾಕ್ಟರುಗಳ ಕಡೆಯಿಂದ. ಲಂಡನ್ನಿನ ಅರಿವಳಿಕೆ ತಜ್ಞ ಪೀಟರ್ ವೆರಿಲ್ ಒಂದು ಸರಳ ಗುರುತನ್ನು ಹೇಳಿದ. ಡಯಾಜಿಪಾಮ್ ನಿಧಾನವಾಗಿ ರಕ್ತನಾಳಕ್ಕೆ ಹೋಗುತ್ತಿರುವಾಗ ರೋಗಿಯ ಮೇಲ್ರೆಪ್ಪೆ ಇಳಿಯತೊಡಗುತ್ತದೆ. ಅದು ಕಣ್ಣಪಾಪೆಯನ್ನು ಅರ್ಧ ಮುಚ್ಚಿದಾಗ, ಮಾತು ತೊದಲಿದಾಗ, ಸೂಜಿ ನಿಲ್ಲಿಸು. ಎಷ್ಟು ಮಿಲಿಗ್ರಾಂ ಎಂದು ಪುಸ್ತಕದಲ್ಲಿ ಹುಡುಕುವ ಬದಲು ರೋಗಿಯ ಮುಖದಲ್ಲಿ ಹುಡುಕುವ ಈ ಕ್ರಮ ಒಂದು ಪೀಳಿಗೆಯ ವೈದ್ಯರ ಕೈಗೆ ಹತ್ತಿತು. ಅನೇಕರಿಗೆ 10 ಮಿಲಿಗ್ರಾಂ ಆಸುಪಾಸಿನಲ್ಲಿ ರೆಪ್ಪೆ ಇಳಿಯುತ್ತಿತ್ತು. 2 ಮಿಲಿಲೀಟರಿನ ಒಂದು ಆಂಪ್ಯೂಲಿನಲ್ಲಿದ್ದುದೂ ಅಷ್ಟೇ.

ಡಯಾಜಿಪಾಮ್‌ಗೆ ಎರಡು ದೋಷಗಳಿದ್ದವು. ಅದು ನೀರಿನಲ್ಲಿ ಕರಗುವುದಿಲ್ಲ. ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರಾವಕದಲ್ಲಿ ಕರಗಿಸಿ ಕೊಟ್ಟರೆ ರಕ್ತನಾಳ ಉರಿಯುತ್ತದೆ, ಕೆಲವರಿಗೆ ನಾಳವೇ ಬಾತು ಗಟ್ಟಿಯಾಗುತ್ತದೆ. ಎರಡನೆಯದಾಗಿ, ಅದೂ ಅದರಿಂದ ದೇಹದಲ್ಲಿ ಹುಟ್ಟುವ ಇನ್ನೊಂದು ಪದಾರ್ಥವೂ ದಿನಗಟ್ಟಲೆ ಉಳಿಯುತ್ತವೆ. ಬೆಳಿಗ್ಗೆ ಪರೀಕ್ಷೆ ಮಾಡಿಸಿಕೊಂಡವನಿಗೆ ಸಾಯಂಕಾಲ ಮತ್ತೆ ತೂಕಡಿಕೆ ಬರುವುದುಂಟು. ಇವೆರಡನ್ನೂ ನೀಗುವ ಔಷಧಿಗಾಗಿ ಎಲ್ಲರೂ ಕಾದಿದ್ದರು.

ಒಳ್ಳೆಯ ಔಷಧಿ, ಹಳೆಯ ಕೈ

ಅದೇ ಕಂಪನಿಯ ಪ್ರಯೋಗಾಲಯದಲ್ಲಿ 1970ರ ದಶಕದ ಮಧ್ಯದಲ್ಲಿ ಮಿಡಜೋಲಾಮ್ ಸಿದ್ಧವಾಯಿತು. ಇದರ ರಸಾಯನಶಾಸ್ತ್ರ ಬಲು ಚೆಂದ. ಆಂಪ್ಯೂಲಿನ ಆಮ್ಲೀಯ ದ್ರಾವಣದಲ್ಲಿ ಅಣುವಿನ ಒಂದು ಉಂಗುರ ತೆರೆದುಕೊಂಡು ನೀರಿನಲ್ಲಿ ಕರಗುತ್ತದೆ. ರಕ್ತಕ್ಕೆ ಸೇರಿದೊಡನೆ ಆಮ್ಲತೆ ತಗ್ಗಿ, ಉಂಗುರ ಮುಚ್ಚಿಕೊಂಡು, ಕೊಬ್ಬಿನಲ್ಲಿ ಕರಗುವ ರೂಪ ತಾಳಿ ಮಿದುಳನ್ನು ಸೇರುತ್ತದೆ. ಉರಿಯಿಲ್ಲ, ಬಾವಿಲ್ಲ. ಕೆಲವೇ ಗಂಟೆಗಳಲ್ಲಿ ದೇಹದಿಂದ ಇಳಿದುಹೋಗುತ್ತದೆ. ಯೂರೋಪಿನಲ್ಲಿ 1980ರ ದಶಕದ ಆರಂಭದಲ್ಲಿ ಬಂದದ್ದು, ಅಮೆರಿಕದಲ್ಲಿ 1985ರ ಡಿಸೆಂಬರಿನಲ್ಲಿ ಅನುಮತಿ ಪಡೆಯಿತು.

ಅಲ್ಲಿಂದ ಮುಂದಿನದು ದುಃಖದ ಕಥೆ. ಮಂಪರು ಕೊಟ್ಟ ರೋಗಿಗಳ ಉಸಿರು ನಿಂತ ವರದಿಗಳು ಒಂದರ ಹಿಂದೊಂದು ಬರತೊಡಗಿದವು. ಎರಡು ಮೂರು ವರ್ಷಗಳಲ್ಲಿ ಅಮೆರಿಕದಲ್ಲಿ ಹತ್ತಾರು ಸಾವುಗಳು ದಾಖಲಾದವು. 1988ರಲ್ಲಿ ಅಲ್ಲಿನ ಕಾಂಗ್ರೆಸ್ಸಿನ ಉಪಸಮಿತಿ ವಿಚಾರಣೆ ನಡೆಸಿತು. ಸತ್ತವರು ಶಸ್ತ್ರಚಿಕಿತ್ಸೆಗೆ ಬಂದ ಕಡುರೋಗಿಗಳೇ ಆಗಿರಲಿಲ್ಲ. ಬೆಳಿಗ್ಗೆ ಪರೀಕ್ಷೆಗೆಂದು ನಡೆದುಬಂದು ಸಂಜೆಗೆ ಮನೆಗೆ ಹೋಗಬೇಕಾಗಿದ್ದವರೂ ಅವರಲ್ಲಿದ್ದರು.

ತಪ್ಪಿದ್ದೆಲ್ಲಿ? ಔಷಧಿ ಕೆಟ್ಟದಾಗಿರಲಿಲ್ಲ. ಅದೇ ಔಷಧಿ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಕಾರಣಗಳು ಮೂರು ನಾಲ್ಕು ಕೂಡಿದ್ದವು, ಪ್ರತಿಯೊಂದೂ ಪ್ರಮಾಣಕ್ಕೆ ಸಂಬಂಧಪಟ್ಟದ್ದು.

ಮೊದಲನೆಯದು ಶಕ್ತಿ. ಒಂದೊಂದು ಮಿಲಿಗ್ರಾಮಿಗೆ ಮಿಡಜೋಲಾಮ್ ಡಯಾಜಿಪಾಮ್‌ಗಿಂತ ಒಂದೂವರೆ ಎರಡು ಪಟ್ಟು ಪ್ರಬಲವಿರಬಹುದೆಂಬ ಎಣಿಕೆಯಿತ್ತು. ನಿಜದಲ್ಲಿ ಅದು ಮೂರು ನಾಲ್ಕು ಪಟ್ಟು ಪ್ರಬಲ. ದೇಹದ ತೂಕಕ್ಕೆ ಇಷ್ಟೆಂದು ಲೇಬಲ್ಲಿನಲ್ಲಿ ಮೊದಲು ಮುದ್ರಿಸಿದ ಪ್ರಮಾಣವೇ ಜಾಸ್ತಿಯಾಗಿತ್ತು.

ಎರಡನೆಯದು ಅಭ್ಯಾಸ. ಡಯಾಜಿಪಾಮ್ ಆಂಪ್ಯೂಲಿನಲ್ಲಿ ಮಿಲಿಲೀಟರಿಗೆ 5 ಮಿಲಿಗ್ರಾಂ, ಮಿಡಜೋಲಾಮ್ ಆಂಪ್ಯೂಲಿನಲ್ಲಿಯೂ ಅಷ್ಟೇ. ಕಣ್ಣಿಗೆ ಎರಡೂ ಒಂದೇ. ಹಳೆಯ ರೂಢಿಯಂತೆ ಸಿರಿಂಜನ್ನು ಅದೇ ಗೆರೆಯವರೆಗೆ ತುಂಬಿದ ಕೈ, ತನಗರಿವಿಲ್ಲದೆ, ಮೂರು ನಾಲ್ಕು ಪಟ್ಟು ಔಷಧಿ ತುಂಬುತ್ತಿತ್ತು.

ಮೂರನೆಯದು ವೇಳೆ, ಇದು ಎಲ್ಲಕ್ಕಿಂತ ಸೂಕ್ಷ್ಮ. ರಕ್ತಕ್ಕೆ ಹೋದ ಔಷಧಿ ಮಿದುಳಿನಲ್ಲಿ ಪೂರ್ಣ ಪರಿಣಾಮ ತೋರಲು ಸ್ವಲ್ಪ ಕಾಲ ಬೇಕು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ ನಡೆಸಿದ, 1990ರಲ್ಲಿ ಪ್ರಕಟವಾದ ಅಧ್ಯಯನದಿಂದ ಈ ವಿಷಯದಲ್ಲಿ ಮಿಡಜೋಲಾಮ್ ಡಯಾಜಿಪಾಮ್‌ಗಿಂತ ಸುಮಾರು ಮೂರು ಪಟ್ಟು ನಿಧಾನವೆಂದು ತಿಳಿಯಿತು. ಹಾಗಿದ್ದ ಮೇಲೆ ರೆಪ್ಪೆ ಇಳಿಯುವುದನ್ನೇ ಕಾಯುತ್ತ ಸೂಜಿ ಒತ್ತುತ್ತಿದ್ದವನ ಗತಿಯೇನು? ರೆಪ್ಪೆ ಅರ್ಧಕ್ಕಿಳಿಯುವ ಹೊತ್ತಿಗೆ, ಇನ್ನೂ ಪರಿಣಾಮ ತೋರಬೇಕಾದ ಔಷಧಿ ಬೇಕಾದಷ್ಟು ರಕ್ತದಲ್ಲಿ ಸೇರಿಬಿಟ್ಟಿರುತ್ತಿತ್ತು. ಕಚೇರಿಯಲ್ಲಿ ದುಡಿಯುವವರಿಗೆ ಇದು ಸುಲಭವಾಗಿ ಅರ್ಥವಾದೀತು. ಕಳಿಸಿದ ಕಾಗದ ಸಂಬಂಧಪಟ್ಟ ಮೇಜನ್ನು ಮುಟ್ಟುವ ಮೊದಲೇ ರಿಮೈಂಡರಿನ ಮೇಲೆ ರಿಮೈಂಡರು ಕಳಿಸಿದರೆ, ಕೊನೆಗೆ ಎಲ್ಲಕ್ಕೂ ಒಟ್ಟಿಗೇ ಉತ್ತರ ಬಂದು ಬೀಳುತ್ತದೆ. ಹಳೆಯ ಔಷಧಿ ಉರಿಯುತ್ತಿದ್ದುದರಿಂದ ಸೂಜಿಯನ್ನು ಮೆಲ್ಲಗೆ ಒತ್ತಲೇಬೇಕಾಗಿತ್ತು. ಹೊಸದು ಉರಿಯದಿದ್ದುದರಿಂದ ಆ ತಡೆಯೂ ಇಲ್ಲವಾಯಿತು ಎಂದು ನನಗನಿಸುತ್ತದೆ.

ನಾಲ್ಕನೆಯದು ಜೋಡಿ ಔಷಧಿ. ಮಿಡಜೋಲಾಮ್ ಜತೆಗೆ ಪೆಥಿಡಿನ್ ಅಥವಾ ಫೆಂಟನಿಲ್ ಕೊಟ್ಟಾಗ ಅಪಾಯ ಕೂಡುವುದಷ್ಟೇ ಅಲ್ಲ, ಗುಣಿಸುತ್ತದೆ. 1990ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 12 ಮಂದಿ ಆರೋಗ್ಯವಂತ ಸ್ವಯಂಸೇವಕರಿದ್ದರು. ಮಿಡಜೋಲಾಮ್ ಒಂದನ್ನೇ ಕೊಟ್ಟಾಗ ಉಸಿರಾಟಕ್ಕೆ ಗಣನೀಯ ತೊಂದರೆಯಾಗಲಿಲ್ಲ. ಫೆಂಟನಿಲ್ ಒಂದನ್ನೇ ಕೊಟ್ಟಾಗ ಅರ್ಧದಷ್ಟು ಜನರ ರಕ್ತದಲ್ಲಿ ಆಮ್ಲಜನಕ ಕುಸಿಯಿತು. ಎರಡನ್ನೂ ಕೊಟ್ಟಾಗ 11 ಮಂದಿಗೆ ಆಮ್ಲಜನಕ ಕುಸಿಯಿತು, 6 ಮಂದಿಯ ಉಸಿರು ಕೆಲಕಾಲ ನಿಂತೇಹೋಯಿತು. ಇವರು ಆರೋಗ್ಯವಂತರು. ಎಪ್ಪತ್ತು ದಾಟಿದ, ಬಡಕಲು ದೇಹದ ರೋಗಿಯ ಪಾಡನ್ನು ಊಹಿಸಿಕೊಳ್ಳಬಹುದು.

ಕಾಯುವುದೂ ಔಷಧಿಯೇ

ಪೆಟ್ಟು ತಿಂದ ಮೇಲೆ ಬುದ್ಧಿ ಬಂತು. ಅಮೆರಿಕದಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಇರುವ ತೆಳು ದ್ರಾವಣವನ್ನು ಮಾರುಕಟ್ಟೆಗೆ ತಂದರು. ಲೇಬಲ್ಲನ್ನು ತಿದ್ದಿ ಎಚ್ಚರಿಕೆಯನ್ನು ಚೌಕಟ್ಟಿನೊಳಗೆ ಮುದ್ರಿಸಿದರು. ಅಲ್ಲಿಯ ಸೂಚನೆ ಹೀಗೆ ಸಾಗುತ್ತದೆ: ಅರವತ್ತರೊಳಗಿನ ಆರೋಗ್ಯವಂತರಿಗೆ ಆರಂಭದಲ್ಲಿ 2.5 ಮಿಲಿಗ್ರಾಂಗಿಂತ ಹೆಚ್ಚು ಕೂಡದು. ಅದನ್ನೂ ಕನಿಷ್ಠ 2 ನಿಮಿಷಗಳಲ್ಲಿ ಹರಡಿ ಕೊಡಬೇಕು. ಕೊಟ್ಟ ಮೇಲೆ ಇನ್ನೂ 2 ನಿಮಿಷವಾದರೂ ಕಾದು ಪರಿಣಾಮ ನೋಡಬೇಕು. ಕೆಲವರಿಗೆ 1 ಮಿಲಿಗ್ರಾಮೇ ಸಾಕಾದೀತು. ಅರವತ್ತು ದಾಟಿದವರಿಗೆ ಆರಂಭದ ಮಿತಿ 1.5 ಮಿಲಿಗ್ರಾಂ.

ಈ ಸೂಚನೆಯಲ್ಲಿ ಮಿಲಿಗ್ರಾಮಿನಷ್ಟೇ ನಿಮಿಷಗಳೂ ಬಂದಿರುವುದನ್ನು ಗಮನಿಸಬೇಕು. ಪ್ರಮಾಣವೆಂಬುದು ಬರಿಯ ತೂಕವಲ್ಲ, ತೂಕವೂ ವೇಳೆಯೂ ಕೂಡಿದ್ದು ಎಂಬ ತಿಳಿವಳಿಕೆ ಹೀಗೆ ಮುದ್ರಣಕ್ಕೆ ಬಂತು. ನಮ್ಮ ಅಡುಗೆಮನೆಗಳಲ್ಲಿ ಇದು ಹೊಸ ಮಾತೇನಲ್ಲ. ಸಾರಿಗೆ ಉಪ್ಪು ಸಾಲದಿದ್ದರೆ ಇನ್ನೊಂದು ಚಿಟಿಕೆ ಹಾಕಬಹುದು. ಹೆಚ್ಚಾದ ಉಪ್ಪನ್ನು ತೆಗೆಯಲಾದೀತೇ?

ಇಂಗ್ಲೆಂಡಿನ ಇಪ್ಸ್‌ವಿಚ್‌ನ ಡಾ. ಬೆಲ್ ಮತ್ತು ಸಂಗಡಿಗರು 1987ರಲ್ಲಿ ಸಾಲಾಗಿ 800 ರೋಗಿಗಳ ಲೆಕ್ಕವನ್ನು ಪ್ರಕಟಿಸಿ, ವಯಸ್ಸು ಏರಿದಂತೆ ಬೇಕಾಗುವ ಮಿಡಜೋಲಾಮ್ ಇಳಿಯುತ್ತ ಹೋಗುವುದನ್ನು ತೋರಿಸಿದರು. 1995ರಲ್ಲಿ ಅದೇ ದೇಶದ ಎರಡು ಪ್ರಾಂತಗಳ 14,149 ಜಠರದರ್ಶನಗಳ ತನಿಖೆ ಪ್ರಕಟವಾಯಿತು. ಸುಮಾರು 2,000ಕ್ಕೆ ಒಂದು ಸಾವು, 200ಕ್ಕೆ ಒಂದು ಹೃದಯ ಅಥವಾ ಉಸಿರಾಟದ ತೊಡಕು ಎಂದು ಅದು ಹೇಳಿತು. ಹೆಚ್ಚು ಪ್ರಮಾಣದ ಔಷಧಿಗೂ ನಿಗಾ ಇಲ್ಲದಿರುವಿಕೆಗೂ ಈ ಅನಾಹುತಗಳಿಗೂ ಗಟ್ಟಿ ಸಂಬಂಧ ಕಂಡುಬಂತು. ಗಂಟಲಿನ ಸ್ಪ್ರೇಗೂ ಆಮೇಲೆ ಬರುವ ನ್ಯುಮೋನಿಯಾಗೂ ನಂಟಿರುವುದೂ ಕಂಡಿತು. ಗಂಟಲು ಮರಗಟ್ಟಿದ್ದು, ಮೇಲೆ ಮಂಪರೂ ಇದ್ದರೆ, ಜೊಲ್ಲು ಶ್ವಾಸನಾಳಕ್ಕೆ ಇಳಿದರೂ ಕೆಮ್ಮು ಬಾರದು. 2004ರ ಇನ್ನೊಂದು ಬ್ರಿಟಿಷ್ ವರದಿ, ಎಂಡೋಸ್ಕೋಪಿಯಿಂದ ಚಿಕಿತ್ಸೆ ಪಡೆದು ತರುವಾಯ ತೀರಿಕೊಂಡವರ ದಾಖಲೆಗಳನ್ನು ಪರಿಶೀಲಿಸಿ, ನೂರಕ್ಕೆ 14 ಮಂದಿಯಲ್ಲಿ ಮಂಪರು ಕೊಟ್ಟ ರೀತಿ ಸರಿಯಿರಲಿಲ್ಲವೆಂದಿತು. 2008ರಲ್ಲಿಯೂ ಗಾಢ ದ್ರಾವಣದ ಆಂಪ್ಯೂಲುಗಳನ್ನು ಇಂಥ ಕೋಣೆಗಳಿಂದ ದೂರವಿಡಿರೆಂದು ಅಲ್ಲಿನ ಸರ್ಕಾರಿ ಸಂಸ್ಥೆ ಸುತ್ತೋಲೆ ಹೊರಡಿಸಬೇಕಾಯಿತು. ಇಪ್ಪತ್ತು ವರ್ಷಗಳ ಹಿಂದೆ ಕಲಿತ ಪಾಠವನ್ನು ಮತ್ತೆ ಮತ್ತೆ ಓದಿಸಬೇಕಾಗುತ್ತದೆ ಎನ್ನುವುದಕ್ಕೆ ಇದು ಸಾಕ್ಷಿ.

ಎರಡು ಆವಿಷ್ಕಾರಗಳು ಈ ದಾರಿಯನ್ನು ಸುಗಮಗೊಳಿಸಿದವು. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕವನ್ನು ಅಳೆಯುವ ಪಲ್ಸ್ ಆಕ್ಸಿಮೀಟರ್ ಒಂದು. ಕೊರೋನಾ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಈ ಯಂತ್ರದ ತತ್ತ್ವವನ್ನು ಜಪಾನಿನ ಎಂಜಿನಿಯರ್ ತಕುವೊ ಅಒಯಾಗಿ 1974ರಲ್ಲಿ ಪ್ರತಿಪಾದಿಸಿದರು. ಅವರು ತೀರಿಕೊಂಡದ್ದು 2020ರ ಏಪ್ರಿಲಿನಲ್ಲಿ, ತಮ್ಮ ಯಂತ್ರ ಜಗತ್ತಿಗೆಲ್ಲ ಬೇಕಾಗಿದ್ದ ಹೊತ್ತಿನಲ್ಲಿ. ಇನ್ನೊಂದು ಫ್ಲೂಮಜೆನಿಲ್ ಎಂಬ ಪ್ರತ್ಯೌಷಧ. ಇದು ಮಿಡಜೋಲಾಮ್‌ನ ಪರಿಣಾಮವನ್ನು ಕ್ಷಣಗಳಲ್ಲಿ ಇಳಿಸುತ್ತದೆ. ಆದರೆ ಪ್ರತ್ಯೌಷಧ ಬೇಗ ಕರಗಿಹೋಗಿ, ಉಳಿದ ಮಂಪರು ಮರಳಿ ಆವರಿಸಬಹುದು. ಎಚ್ಚರವಾದನೆಂದು ರೋಗಿಯನ್ನು ಕೂಡಲೇ ಮನೆಗೆ ಕಳಿಸುವಂತಿಲ್ಲ.

ಸಿಡಿಮದ್ದಿನ ಲೆಕ್ಕ

1986ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಪ್ರೊಪೊಫಾಲ್ ಇನ್ನೊಂದು ಅಧ್ಯಾಯ. ಪಶುವೈದ್ಯರಾಗಿದ್ದ ಜಾನ್ ಬೇರ್ಡ್ ಗ್ಲೆನ್ ಐಸಿಐ ಕಂಪನಿಯಲ್ಲಿ ಇದನ್ನು ರೂಪಿಸಿದರು, 2018ರಲ್ಲಿ ಇದಕ್ಕಾಗಿಯೇ ಲಾಸ್ಕರ್ ಪ್ರಶಸ್ತಿ ಪಡೆದರು. ಸೋಯಾ ಎಣ್ಣೆಯಲ್ಲಿ ಕಲೆಸಿದ ಹಾಲುಬಿಳುಪಿನ ಈ ಔಷಧಿ ಅರ್ಧ ನಿಮಿಷದಲ್ಲಿ ಮಲಗಿಸುತ್ತದೆ, ಕೆಲವೇ ನಿಮಿಷಗಳಲ್ಲಿ ಎಬ್ಬಿಸುತ್ತದೆ. ಆದರೆ ಮಂಪರಿಗೂ ಪೂರ್ಣ ಅರಿವಳಿಕೆಗೂ ನಡುವೆ ಇಲ್ಲಿ ಅಂತರ ಬಲು ಕಡಿಮೆ, ಪ್ರತ್ಯೌಷಧವೂ ಇಲ್ಲ. ಹೀಗಾಗಿ ಪ್ರಮಾಣವನ್ನು ಕಂಡುಹಿಡಿಯುವುದೇ ಒಂದು ಶಾಸ್ತ್ರವಾಯಿತು.

ಆ ಶಾಸ್ತ್ರಕ್ಕೆ ಲೆಕ್ಕ ಒದಗಿದ್ದು ಅನಿರೀಕ್ಷಿತ ಸ್ಥಳದಿಂದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬ್ರೂಸ್‌ಟನ್ ಎಂಬಲ್ಲಿ ಸಿಡಿಮದ್ದಿನ ಸಂಶೋಧನೆ ನಡೆಯುತ್ತಿತ್ತು. ಎಷ್ಟು ಎತ್ತರದಿಂದ ಭಾರ ಬಿದ್ದರೆ ಸಿಡಿಮದ್ದು ಸಿಡಿದೀತು? ಸಿಡಿದರೆ ಮುಂದಿನ ಸಲ ಒಂದು ಮೆಟ್ಟಿಲು ಕೆಳಗಿನಿಂದ, ಸಿಡಿಯದಿದ್ದರೆ ಒಂದು ಮೆಟ್ಟಿಲು ಮೇಲಿನಿಂದ ಭಾರ ಬೀಳಿಸುತ್ತಿದ್ದರು. ಹೀಗೆ ಹತ್ತಿ ಇಳಿದು ಹತ್ತಿ ಇಳಿದು, ಅರ್ಧ ಸಲ ಸಿಡಿಯುವ ಎತ್ತರದ ಸುತ್ತಲೇ ಪ್ರಯೋಗ ಸುಳಿಯುತ್ತದೆ. ಡಿಕ್ಸನ್ ಮತ್ತು ಮೂಡ್ 1948ರಲ್ಲಿ ಇದರ ಗಣಿತವನ್ನು ಪ್ರಕಟಿಸಿದರು.

ಇದೇ ಉಪಾಯ ಜಠರದರ್ಶನದ ಕೋಣೆಗೆ ಬಂತು. ಮೊದಲ ರೋಗಿಗೆ ಗೊತ್ತಾದ ಪ್ರಮಾಣ ಕೊಡುತ್ತಾರೆ. ಕೊಳವೆ ಇಳಿಯುವಾಗ ಅವನು ಓಕರಿಸಿದರೆ ಅಥವಾ ಮಿಸುಕಿದರೆ ಮುಂದಿನ ರೋಗಿಗೆ ಒಂದು ಮೆಟ್ಟಿಲು ಹೆಚ್ಚು, ಶಾಂತನಾಗಿದ್ದರೆ ಒಂದು ಮೆಟ್ಟಿಲು ಕಡಿಮೆ. ಮೂವತ್ತು ನಲವತ್ತು ರೋಗಿಗಳಲ್ಲಿಯೇ, ನೂರರಲ್ಲಿ ಐವತ್ತು ಮಂದಿಗೆ ಸಾಲುವ ಪ್ರಮಾಣದ ಅಂದಾಜು ಸಿಗುತ್ತದೆ. ಅದರಿಂದ ತೊಂಬತ್ತೈದು ಮಂದಿಗೆ ಸಾಲುವ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ. 2019ರ ಡಿಸೆಂಬರಿನಲ್ಲಿ ಚೀನಾ ಜಠರದರ್ಶನಕ್ಕೆಂದು ಅನುಮತಿಸಿದ ರೆಮಿಮಜೋಲಾಮ್, ಒಂದು ವರ್ಷದ ನಂತರ ಅಲ್ಲಿಯೇ ಬಂದ ಸಿಪ್ರೊಫಾಲ್ ಮುಂತಾದ ಹೊಸ ಔಷಧಿಗಳನ್ನು ಈ ರೀತಿಯಲ್ಲಿ ಅಳೆದು ನೋಡುತ್ತಿದ್ದಾರೆ.

ಆದರೆ ಈ ಲೆಕ್ಕದಲ್ಲಿ ಒಂದು ತೊಡಕಿದೆ. ತೊಂಬತ್ತೈದು ಮಂದಿಗೆ ಸಾಲುವ ಪ್ರಮಾಣವೆಂದರೆ, ಆ ತೊಂಬತ್ತೈದರಲ್ಲಿ ಬಹುಪಾಲು ಜನಕ್ಕೆ ಅದು ಬೇಕಾದುದಕ್ಕಿಂತ ಹೆಚ್ಚು. ಕಡಿಮೆಯಲ್ಲಿ ಸಾಕಾಗುತ್ತಿದ್ದ ದುರ್ಬಲರೂ ಅದೇ ಗುಂಪಿನಲ್ಲಿದ್ದಾರೆ. ಸರಾಸರಿಯ ಅಳತೆಗೆ ಹೊಲಿದ ಅಂಗಿ ಯಾರಿಗೂ ಸರಿಯಾಗಿ ಕೂಡುವುದಿಲ್ಲ. ಲೆಕ್ಕ ಎಲ್ಲಿಂದ ಆರಂಭಿಸಬೇಕೆಂದು ಹೇಳುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಎದುರಿಗೆ ಮಲಗಿರುವವನನ್ನು ನೋಡಿಯೇ ತಿಳಿಯಬೇಕು. ಪ್ರೊಪೊಫಾಲನ್ನು ತಾನಾಗಿಯೇ ಹದಮಾಡಿ ಕೊಡುವ ‘ಸೆಡಾಸಿಸ್’ ಎಂಬ ಯಂತ್ರಕ್ಕೆ ಅಮೆರಿಕದಲ್ಲಿ 2013ರಲ್ಲಿ ಅನುಮತಿ ಸಿಕ್ಕಿತ್ತು. 2016ರಲ್ಲಿ ತಯಾರಕರೇ ಅದನ್ನು ಹಿಂತೆಗೆದುಕೊಂಡರು.

ಮಾತು ತಿಳಿದರೆ ತಾನೇ?

ಇಲ್ಲಿ ನಮ್ಮಂಥ ಹೊರನಾಡ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಸಂಗತಿಯೊಂದಿದೆ. ಎಚ್ಚರವುಳ್ಳ ಮಂಪರು ಎಂದರೇನು ಎಂಬುದಕ್ಕೆ ವೈದ್ಯರು ಒಪ್ಪಿರುವ ಲಕ್ಷಣ ಇದು: ಮಾತನಾಡಿಸಿದರೆ, ಅಥವಾ ಮಾತನಾಡಿಸುತ್ತ ಮೆಲ್ಲಗೆ ತಟ್ಟಿದರೆ, ರೋಗಿ ಅರಿತು ಉತ್ತರಿಸಬೇಕು. ‘ಕಣ್ಣು ತೆರೆಯಿರಿ’ ಎಂದರೆ ತೆರೆಯಬೇಕು, ‘ಉಸಿರೆಳೆಯಿರಿ’ ಎಂದರೆ ಎಳೆಯಬೇಕು. 1974ರಲ್ಲಿ ರ‍್ಯಾಮ್ಸೆ ರೂಪಿಸಿದ ಆರು ಮೆಟ್ಟಿಲಿನ ಅಳತೆಯಿಂದ ಹಿಡಿದು ಇಂದಿನವರೆಗೂ ಮಾತಿಗೆ ಬರುವ ಪ್ರತಿಕ್ರಿಯೆಯೇ ಮುಖ್ಯ ಮಾನದಂಡ. ಅಂದ ಮೇಲೆ ಆ ಮಾತು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಡವೇ?

ಊರಿನಿಂದ ಮಗನ ಮನೆಗೆ ಬಂದ, ಕನ್ನಡದ ಹೊರತು ಬೇರೆ ನುಡಿಯರಿಯದ ತಾಯಿಗೆ, ಮುಂಬಯಿಯಲ್ಲೋ ಚೆನ್ನೈಯಲ್ಲೋ ನರ್ಸಮ್ಮ ಮರಾಠಿಯಲ್ಲೋ ತಮಿಳಿನಲ್ಲೋ ‘ಕಣ್ಣು ತೆರೆಯಿರಿ’ ಎಂದರೆ ಆಕೆ ತೆರೆಯದಿರಬಹುದು. ಮಂಪರು ಆಳವಾಯಿತೆಂದು ತಿಳಿಯಬೇಕೋ, ಮಾತು ತಿಳಿಯಲಿಲ್ಲವೆಂದು ತಿಳಿಯಬೇಕೋ? ಮುಜುಗರದಿಂದ ಕೈ ಕೊಸರಿದರೆ ಔಷಧಿ ಸಾಲದೆಂದು ಇನ್ನಷ್ಟು ಸೇರಬಹುದು. ಭಯದಿಂದ ಆಕೆ ‘ಸಾಕು’ ಎಂದರೆ ಅದು ಯಾರಿಗೂ ಅರ್ಥವಾಗದಿರಬಹುದು. ಗೇಬ್ರಿಯೆಲ್ ಷಿಂಡ್ಲರಳ ಕೈಗೆ ಭಾಷೆ ಬೇಕಿರಲಿಲ್ಲ. ಮಾತಿಗೆ ಬೇಕು.

ಇದಕ್ಕೆ ಪರಿಹಾರ ದೊಡ್ಡದೇನಲ್ಲ. ಪರೀಕ್ಷೆಗೆ ಮೊದಲು ಡಾಕ್ಟರಿಗೆ ‘ಇವರಿಗೆ ಕನ್ನಡ ಮಾತ್ರ ಬರುತ್ತದೆ’ ಎಂದು ತಿಳಿಸುವುದು. ಕಣ್ಣು ಬಿಡಿ, ಉಸಿರೆಳೆಯಿರಿ, ನುಂಗಿ, ನೋವಿದೆಯೇ ಎಂಬ ನಾಲ್ಕು ಮಾತುಗಳನ್ನು ಅವರ ಲಿಪಿಯಲ್ಲಿ ಚೀಟಿಯಲ್ಲಿ ಬರೆದುಕೊಡುವುದು. ಪರೀಕ್ಷೆಯಲ್ಲಿ ಏನೇನು ನಡೆಯುತ್ತದೆಂದು ತಾಯಿಗೆ ಮನೆಯಲ್ಲಿಯೇ ವಿವರಿಸಿಡುವುದು. ಇದರ ಜತೆಗೆ ವಯಸ್ಸು, ನಿದ್ರೆಯಲ್ಲಿ ಗೊರಕೆ, ಉಬ್ಬಸ, ಯಕೃತ್ತಿನ ಕಾಯಿಲೆ, ನುಂಗುತ್ತಿರುವ ನಿದ್ರೆಮಾತ್ರೆ, ಕುಡಿತದ ಅಭ್ಯಾಸ ಇವನ್ನು ಸಂಕೋಚವಿಲ್ಲದೆ ಹೇಳಬೇಕು. ಪ್ರಮಾಣ ನಿರ್ಧಾರವಾಗುವುದು ಇವುಗಳಿಂದಲೇ. ಮಂಪರು ಪಡೆದ ದಿನ ವಾಹನ ನಡೆಸಬಾರದು, ಕಾಗದಪತ್ರಗಳಿಗೆ ಸಹಿಯನ್ನೂ ಹಾಕಬಾರದು.

ಮಂಪರೇ ಬೇಡವೆನ್ನುವವರೂ ಇದ್ದಾರೆ. ನಮ್ಮ ದೇಶದ ಅನೇಕ ಆಸ್ಪತ್ರೆಗಳಲ್ಲಿ ಗಂಟಲಿಗೆ ಸ್ಪ್ರೇ ಹೊಡೆದು, ಧೈರ್ಯ ಹೇಳಿ, ಐದು ನಿಮಿಷದಲ್ಲಿ ಪರೀಕ್ಷೆ ಮುಗಿಸುವುದು ವಾಡಿಕೆ. ತಡೆದುಕೊಳ್ಳಬಲ್ಲವರಿಗೆ ಅದು ಸುರಕ್ಷಿತವೂ ಹೌದು, ಎದ್ದು ಕೆಲಸಕ್ಕೆ ಹೋಗಲು ಅನುಕೂಲವೂ ಹೌದು. ಆದರೆ ಅದು ರೋಗಿಯ ಆಯ್ಕೆಯಾಗಿರಬೇಕೇ ಹೊರತು ಆಸ್ಪತ್ರೆಯ ಅವಸರವಾಗಿರಬಾರದು.

ಕತ್ತಿ ನುಂಗುವವನ ಸೊನ್ನೆಯಿಂದ ಹೊರಟು, ಅರ್ಧ ಗ್ರೇನು, ಒಂದು ಆಂಪ್ಯೂಲು, ಎರಡೂವರೆ ಮಿಲಿಗ್ರಾಂ ಎಂದು ಅಂಕಿಗಳು ಬದಲಾಗುತ್ತ ಬಂದಿವೆ. ಮುಂದೆಯೂ ಬದಲಾದಾವು. ಮೆಲ್ಲಗೆ ಕೊಡು, ಕಾದು ನೋಡು, ಮುಖ ನೋಡಿ ಮಾತನಾಡಿಸು ಎಂಬ ಮೂರು ನಿಯಮಗಳು ಮಾತ್ರ ಅಷ್ಟು ಸಾವುಗಳ ಬೆಲೆ ತೆತ್ತು ಬಂದವು. ಮನೆಯವರಿಗೆ ಪರೀಕ್ಷೆ ಗೊತ್ತಾದಾಗ, ಎಷ್ಟು ಮಿಲಿಗ್ರಾಂ ಕೊಡುತ್ತೀರಿ ಎಂದು ಡಾಕ್ಟರನ್ನು ಕೇಳಬೇಕಾಗಿಲ್ಲ. ಕೊಡುವಾಗಲೂ ಕೊಟ್ಟ ಮೇಲೂ ರೋಗಿಯ ಉಸಿರನ್ನು ನೋಡುತ್ತ ನಿಲ್ಲುವವರು ಯಾರು ಎಂದು ಕೇಳಿದರೆ ಸಾಕು.